ಲೋಕವೇನೋ ಉಳಿಯಿತು, ಅಣ್ಣನ ತ್ಯಾಗ ಉಳಿಯಿತೇ?

ಅಮೆರಿಕದ ಎನ್‌ಬಿಸಿ ವಾಹಿನಿಯ 'ಹೀರೋಸ್' ಧಾರಾವಾಹಿಯ ಮೊದಲ ಸೀಸನ್ 2007ರ ಮೇ 21ರಂದು ಮುಕ್ತಾಯ ಕಂಡಿತು. ನ್ಯೂಯಾರ್ಕ್ ನಗರ ಭಾರಿ ಸ್ಫೋಟದಲ್ಲಿ ಭಸ್ಮವಾಗಲಿದೆ ಎಂಬ ಭವಿಷ್ಯವನ್ನು ಆರಂಭದ ಕಂತುಗಳಲ್ಲಿಯೇ ನುಡಿದು, 23ನೇ ಕಂತಿನವರೆಗೂ ವೀಕ್ಷಕರನ್ನು ತುದಿಗಾಲಲ್ಲಿ ನಿಲ್ಲಿಸಿದ ಕಥೆ ಇದು. ಇಷ್ಟು ದೊಡ್ಡ ಮಾತು ಕೊಟ್ಟ ಧಾರಾವಾಹಿ ಅದನ್ನು ಉಳಿಸಿಕೊಂಡಿತೇ? ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಆ ಕೊನೆಯ ಕಂತಿನಲ್ಲಿಯೇ ಸಾಕಷ್ಟು ಕಾರಣಗಳಿವೆ.

ಟಿಮ್ ಕ್ರಿಂಗ್ ರೂಪಿಸಿದ ಈ ಧಾರಾವಾಹಿ 2006ರ ಸೆಪ್ಟೆಂಬರ್ 25ರಂದು ಪ್ರಸಾರ ಆರಂಭಿಸಿತು. ಇಲ್ಲಿನ ನಾಯಕರಿಗೆ ಮುಖವಾಡವಿಲ್ಲ, ಹೆಗಲ ಮೇಲೆ ಕೆಂಪು ವಸ್ತ್ರವಿಲ್ಲ. ಟೆಕ್ಸಾಸ್‌ನ ಶಾಲಾ ಬಾಲಕಿ ಕ್ಲೇರ್‌ಳ ಗಾಯಗಳು ಕ್ಷಣದಲ್ಲಿ ಮಾಯುತ್ತವೆ. ಟೋಕಿಯೋದ ಕಚೇರಿ ನೌಕರ ಹಿರೋ ನಕಾಮುರಾ ಕಾಲವನ್ನೇ ತಡೆದು ನಿಲ್ಲಿಸಬಲ್ಲ. ನ್ಯೂಯಾರ್ಕ್‌ನ ರಾಜಕಾರಣಿ ನೇಥನ್ ಪೆಟ್ರೆಲಿ ಆಕಾಶದಲ್ಲಿ ಹಾರಬಲ್ಲ. ರೋಗಿಗಳ ಶುಶ್ರೂಷೆ ಮಾಡುವ ಅವನ ತಮ್ಮ ಪೀಟರ್, ಹತ್ತಿರ ಬಂದವರ ಶಕ್ತಿಯನ್ನೆಲ್ಲ ತನ್ನೊಳಗೆ ಸೆಳೆದುಕೊಳ್ಳುತ್ತಾನೆ. ಇವರ ಜಾಡು ಹಿಡಿದು ಹೊರಡುವವನು ಚೆನ್ನೈನ ತಳಿವಿಜ್ಞಾನಿ ಮೊಹಿಂದರ್ ಸುರೇಶ್. ಭಾರತೀಯ ಮೂಲದ ನಟ ಸೆಂಧಿಲ್ ರಾಮಮೂರ್ತಿ ನಿರ್ವಹಿಸಿದ ಈ ಪಾತ್ರದ ಧ್ವನಿಯೇ ಕಥೆಯ ನಿರೂಪಣೆ ಎಂಬುದು ನಮ್ಮ ವೀಕ್ಷಕರಿಗೆ ವಿಶೇಷ ಆಸಕ್ತಿಯ ಸಂಗತಿ.

ಎದುರಾಳಿ ಸೈಲಾರ್ ಒಬ್ಬ ಸಾಮಾನ್ಯ ಗಡಿಯಾರ ರಿಪೇರಿಗಾರ. ಶಕ್ತಿವಂತರನ್ನು ಕೊಂದು, ಅವರ ಮಿದುಳಿನಿಂದ ಶಕ್ತಿಯ ಗುಟ್ಟು ಅರಿತು ತನ್ನದಾಗಿಸಿಕೊಳ್ಳುವವನು. ಪೀಟರ್ ಮತ್ತು ಸೈಲಾರ್ ಇಬ್ಬರಿಗೂ ಅನೇಕ ಶಕ್ತಿಗಳಿವೆ. ಆದರೆ ಒಬ್ಬನಿಗೆ ಅವು ಒಡನಾಟದಿಂದ ದಕ್ಕುತ್ತವೆ, ಇನ್ನೊಬ್ಬನಿಗೆ ಕೊಲೆಯಿಂದ. ಇಡೀ ಸೀಸನ್‌ನ ತಿರುಳು ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ ಎಂದರೆ ತಪ್ಪಾಗಲಾರದು.

ಬಾಂಬ್ ಆಗುವವರು ಯಾರು?

ನಗರವನ್ನು ಸುಡುವುದು ಕ್ಷಿಪಣಿಯಲ್ಲ, ಒಬ್ಬ ಮನುಷ್ಯ. ವಿಕಿರಣ ಹೊಮ್ಮಿಸುವ ಟೆಡ್ ಸ್ಪ್ರೇಗ್‌ನ ಶಕ್ತಿ ಪೀಟರ್‌ನೊಳಗೂ ಸೇರಿದೆ, ಟೆಡ್‌ನನ್ನು ಕೊಂದ ಸೈಲಾರ್‌ನ ಕೈಗೂ ಸಿಕ್ಕಿದೆ. ಹೀಗಾಗಿ ಸಿಡಿಯುವವನು ಖಳನೋ ನಾಯಕನೋ ಎಂಬ ಪ್ರಶ್ನೆ ಕೊನೆಯ ಕಂತಿಗೆ ಬಿಗಿ ತಂದುಕೊಟ್ಟಿದೆ.

ಇದಕ್ಕಿಂತ ಘೋರವಾದದ್ದು ತೆರೆಮರೆಯ ಸಂಚು. ಸ್ಫೋಟ ನಡೆಯಲಿ, ಆ ದುಃಖದಲ್ಲಿ ಜಗತ್ತು ಒಂದಾಗಲಿ, ಆಗ ನೇಥನ್ ನಾಯಕನಾಗಿ ಮೇಲೇಳಲಿ ಎಂಬುದು ಉದ್ಯಮಿ ಲಿಂಡರ್‌ಮನ್‌ನ ಲೆಕ್ಕಾಚಾರ. ನೇಥನ್‌ನ ತಾಯಿ ಏಂಜೆಲಾಳ ಒಪ್ಪಿಗೆಯೂ ಅದಕ್ಕಿದೆ. 2001ರ ಸೆಪ್ಟೆಂಬರ್ 11ರ ದಾಳಿ ಕಂಡು ಆರು ವರ್ಷವೂ ತುಂಬದ ನಗರದ ಕಥೆಯಲ್ಲಿ ಇಂತಹದೊಂದು ಸಂಚನ್ನು ಇಟ್ಟಿದ್ದು ಸಣ್ಣ ಧೈರ್ಯವಲ್ಲ. ಚುನಾವಣೆಯಲ್ಲಿ ಗೆದ್ದ ನೇಥನ್‌ನ ಮುಂದಿರುವುದು ನಿಜವಾದ ಧರ್ಮಸಂಕಟ: ಅಧಿಕಾರದ ಹಾದಿಯೋ, ಒಡಹುಟ್ಟಿದ ತಮ್ಮನೋ?

ಚೌಕದಲ್ಲಿ ಕೊನೆಯ ಘಳಿಗೆ

ಕರ್ಬಿ ಪ್ಲಾಜಾ ಎಂಬ ಕಾಲ್ಪನಿಕ ಚೌಕದಲ್ಲಿ ಎಲ್ಲರೂ ಬಂದು ಸೇರುತ್ತಾರೆ. ಪೊಲೀಸ್ ಅಧಿಕಾರಿ ಮ್ಯಾಟ್ ಪಾರ್ಕ್‌ಮನ್ ಹಾರಿಸಿದ ಗುಂಡುಗಳನ್ನು ಸೈಲಾರ್ ಅವನ ಎದೆಗೇ ತಿರುಗಿಸುತ್ತಾನೆ. ಅಸಾಧಾರಣ ಬಲದ ನಿಕಿ ವಾಹನ ನಿಲುಗಡೆಯ ಮೀಟರ್ ಕಂಬವನ್ನೇ ಕಿತ್ತು ಬೀಸುತ್ತಾಳೆ. ಕೊನೆಗೆ ಹಿರೋನ ಕತ್ತಿ ಸೈಲಾರ್‌ನ ದೇಹವನ್ನು ಇರಿಯುತ್ತದೆ.

ಅಷ್ಟರಲ್ಲಿ ಪೀಟರ್‌ನ ಕೈಗಳು ಕೆಂಡವಾಗತೊಡಗುತ್ತವೆ. ತಾನು ಹಿಡಿತ ತಪ್ಪಿದರೆ ಗುಂಡಿಕ್ಕಬೇಕೆಂದು ಅವನು ಮೊದಲೇ ಕ್ಲೇರ್‌ಳಿಂದ ಮಾತು ಪಡೆದಿದ್ದಾನೆ. ಆಕೆ ನೇಥನ್‌ನ ಮಗಳು, ಪೀಟರ್ ಆಕೆಗೆ ಚಿಕ್ಕಪ್ಪ. ಪಿಸ್ತೂಲು ಹಿಡಿದ ಹುಡುಗಿಯ ಕೈ ನಡುಗುತ್ತಿರುವಾಗ ಆಕಾಶದಿಂದ ನೇಥನ್ ಇಳಿದು ಬರುತ್ತಾನೆ. ತಮ್ಮನನ್ನು ಅಪ್ಪಿಕೊಂಡು ಮೇಲಕ್ಕೆ ಹಾರುತ್ತಾನೆ. ಸ್ಫೋಟ ಬಾನಿನಲ್ಲಿ ನಡೆಯುತ್ತದೆ, ನಗರ ಉಳಿಯುತ್ತದೆ.

ಈ ದೃಶ್ಯದ ಬೇರು ಮೊದಲ ಕಂತಿನಲ್ಲಿದೆ. ಅಲ್ಲಿ ತನಗೆ ಹಾರಲು ಬರುತ್ತದೆಂದು ನಂಬಿದ ಪೀಟರ್ ಕಟ್ಟಡದ ಮೇಲಿಂದ ಧುಮುಕುತ್ತಾನೆ, ನೇಥನ್ ಹಾರಿ ಬಂದು ಹಿಡಿಯುತ್ತಾನೆ. ಅಂದು ತನ್ನ ಶಕ್ತಿಯನ್ನು ಲೋಕದಿಂದ ಬಚ್ಚಿಡಲು ಹೆಣಗಿದ ಅಣ್ಣ, ಇಂದು ಎಲ್ಲರ ಕಣ್ಣೆದುರೇ ಹಾರುತ್ತಾನೆ. ಲೋಕವನ್ನು ಉಳಿಸಿದ್ದು ಹಾರುವ ಶಕ್ತಿಯಲ್ಲ, ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸು. ಕಂತಿನ ನಿಜವಾದ ಗೆಲುವು ಇದು.

ಎಡವಿದ್ದು ಎಲ್ಲಿ?

ದೋಷಗಳೂ ಕಣ್ಣಿಗೆ ಹೊಡೆಯುವಂತಿವೆ. ಮೊದಲನೆಯದಾಗಿ, ವರ್ಷವಿಡೀ ಕಾದ ಕಾಳಗ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅಷ್ಟೊಂದು ಶಕ್ತಿಗಳುಳ್ಳ ಇಬ್ಬರು ಎದುರುಬದುರಾದಾಗ ನಡೆಯುವುದು ಬಹುಪಾಲು ಮುಷ್ಟಿಯುದ್ಧ. ಎರಡನೆಯದಾಗಿ, ಅಣ್ಣನ ಹಾರುವ ಶಕ್ತಿ ಪೀಟರ್‌ಗೂ ಬಂದಿದೆ. ಹಾಗಿದ್ದ ಮೇಲೆ ಅವನೇ ಏಕೆ ಹಾರಿಹೋಗಲಿಲ್ಲ? ಸಿಡಿಯುವ ಹೊತ್ತಿನಲ್ಲಿ ಬೇರೆ ಶಕ್ತಿ ಕೈಕೊಟ್ಟಿತೆಂದು ವೀಕ್ಷಕರೇ ಸಮಾಧಾನ ಹೇಳಿಕೊಳ್ಳಬೇಕಷ್ಟೆ. ಒಂದೇ ಒಂದು ಮಾತಿನಲ್ಲಿ ಇದನ್ನು ಸ್ಪಷ್ಟಪಡಿಸಿದ್ದರೆ ನೇಥನ್‌ನ ತ್ಯಾಗಕ್ಕೆ ಇನ್ನಷ್ಟು ತೂಕ ಬರುತ್ತಿತ್ತು.

ಮೂರನೆಯದು ಇನ್ನೂ ಗಂಭೀರವಾದದ್ದು. ಸೈಲಾರ್ ಸತ್ತನೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ರಕ್ತದ ಗೆರೆಯೊಂದು ಚರಂಡಿಯ ಮುಚ್ಚಳದತ್ತ ಸಾಗಿರುವುದು ಕಾಣುತ್ತದೆ. ಹಿರೋ 1671ರ ಜಪಾನಿನಲ್ಲಿ ಬಂದು ಬೀಳುತ್ತಾನೆ. ಒಂದು ಕಥೆಯ ಕಣ್ಣೀರು ಆರುವ ಮುನ್ನವೇ ಇನ್ನೊಂದರ ಜಾಹೀರಾತು ಶುರುವಾಗಿರುತ್ತದೆ.

ಮೇ ತಿಂಗಳ ಮಹಿಮೆ

ಇದಕ್ಕೆ ಕಾರಣ ಅಲ್ಲಿನ ಟೀವಿ ವ್ಯವಹಾರದಲ್ಲಿದೆ. ನಮ್ಮ ಮೆಗಾ ಧಾರಾವಾಹಿಗಳಂತೆ ಅಲ್ಲಿನ ರಾತ್ರಿ ಧಾರಾವಾಹಿಗಳು ದಿನವೂ ಪ್ರಸಾರವಾಗುವುದಿಲ್ಲ. ದೊಡ್ಡ ವಾಹಿನಿಗಳು ಆ ಕಾಲದಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ವಾರಕ್ಕೊಂದರಂತೆ ಇಪ್ಪತ್ತೆರಡರ ಆಸುಪಾಸು ಕಂತು ತೋರಿಸಿ, ಬೇಸಿಗೆಯಲ್ಲಿ ವಿರಾಮ ಕೊಡುತ್ತಿದ್ದವು. ಸ್ಥಳೀಯ ಕೇಂದ್ರಗಳ ವೀಕ್ಷಕರ ಎಣಿಕೆ ವಿಶೇಷವಾಗಿ ನಡೆಯುತ್ತಿದ್ದ ತಿಂಗಳುಗಳಲ್ಲಿ ಮೇ ಕೂಡ ಒಂದು. ಜಾಹೀರಾತು ದರ ನಿಗದಿಗೆ ಆ ಎಣಿಕೆಯೇ ಆಧಾರ. ಆದ್ದರಿಂದ ಕೊನೆಯ ಕಂತು ಕಥೆಯನ್ನು ಮುಗಿಸಲೂಬೇಕು, ನಾಲ್ಕು ತಿಂಗಳ ನಂತರ ವೀಕ್ಷಕರನ್ನು ಮರಳಿ ಕರೆತರಲೂಬೇಕು. ಒಂದೇ ಕಂತಿನ ಹೆಗಲಿಗೆ ಎರಡು ಹೊರೆ!

ಮುಂದೇನಾಯಿತು?

ಪ್ರತಿ ಸೀಸನ್‌ಗೂ ಹೊಸ ಪಾತ್ರಗಳನ್ನು ತರುವ ಆಲೋಚನೆ ಕ್ರಿಂಗ್ ಅವರಿಗೆ ಆರಂಭದಲ್ಲಿತ್ತು. ಆದರೆ ಮೊದಲ ವರ್ಷದ ಪಾತ್ರಗಳು ಜನರ ಮನೆಮಾತಾದವು. 2007ರ ಎಮ್ಮಿ ಪ್ರಶಸ್ತಿಯ ಅತ್ಯುತ್ತಮ ಧಾರಾವಾಹಿ ವಿಭಾಗಕ್ಕೆ 'ಹೀರೋಸ್', ಪೋಷಕ ನಟ ವಿಭಾಗಕ್ಕೆ ಹಿರೋ ಪಾತ್ರಧಾರಿ ಮಸಿ ಓಕಾ ನಾಮನಿರ್ದೇಶನ ಪಡೆದರು. ಗೆದ್ದ ಕುದುರೆಯನ್ನು ಬಿಡಲು ಯಾರಿಗೆ ಮನಸ್ಸು ಬಂದೀತು? 2007ರ ಸೆಪ್ಟೆಂಬರ್‌ನಲ್ಲಿ ಎರಡನೇ ಸೀಸನ್ ಆರಂಭವಾದಾಗ ನೇಥನ್ ಬದುಕಿದ್ದ, ಪೀಟರ್ ಬದುಕಿದ್ದ, ಸೈಲಾರ್ ಕೂಡ ಬದುಕಿದ್ದ.

ಕಥೆ ನಿಧಾನವಾಯಿತೆಂಬ ದೂರು ಎಷ್ಟು ಬಲವಾಯಿತೆಂದರೆ, ಅದೇ ನವೆಂಬರ್‌ನಲ್ಲಿ ಕ್ರಿಂಗ್ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ನವೆಂಬರ್ 5ರಂದು ಹಾಲಿವುಡ್ ಬರಹಗಾರರ ಮುಷ್ಕರ ಆರಂಭವಾಗಿ ಆ ಸೀಸನ್ 11 ಕಂತಿಗೇ ನಿಂತಿತು. ನಾಲ್ಕು ಸೀಸನ್‌ಗಳ ಬಳಿಕ 2010ರ ಫೆಬ್ರವರಿಯಲ್ಲಿ ಧಾರಾವಾಹಿಯ ಪ್ರಸಾರ ಕೊನೆಗೊಂಡಿತು. 2015ರಲ್ಲಿ 'ಹೀರೋಸ್ ರಿಬಾರ್ನ್' ಹೆಸರಿನಲ್ಲಿ ಬಂದ ಮರುಯತ್ನವೂ 13 ಕಂತುಗಳಿಗೆ ಸೀಮಿತವಾಯಿತು.

ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ ಹೊರಬರುವ ದಾರಿ ತಿಳಿದಿರಲಿಲ್ಲ. 'ಹೀರೋಸ್' ತಂಡಕ್ಕೆ ಆ ದಾರಿ ತಿಳಿದಿತ್ತು, ಅಣ್ಣ ತಮ್ಮನನ್ನು ಅಪ್ಪಿ ಬಾನಿಗೆ ಹಾರಿದ ಆ ಘಳಿಗೆಯೇ ಅದು. ದಾರಿ ಕಂಡೂ ಮತ್ತೆ ಒಳಗೇ ಉಳಿದದ್ದು ಮಾರುಕಟ್ಟೆಯ ಒತ್ತಾಯ. ಮರಣವನ್ನು ಹಿಂಪಡೆಯಬಹುದಾದರೆ ತ್ಯಾಗಕ್ಕೆ ಬೆಲೆ ಎಲ್ಲಿಯದು? ಮೊದಲ ಸೀಸನ್ನಿನ 23 ಕಂತುಗಳನ್ನು ಮಾತ್ರ ನೋಡಿ ಅಲ್ಲಿಗೇ ನಿಲ್ಲಿಸುವ ವೀಕ್ಷಕರಿಗೆ ದಕ್ಕುವುದು ಒಂದು ಪೂರ್ಣ ಕಥೆ.