ಕಾಲಿನ ಬಲಕ್ಕೆ ತಕ್ಕ ಗೇರು

ಏರುದಾರಿಯಲ್ಲಿ ಬೈಸಿಕಲ್ಲನ್ನು ತುಳಿಯಲಾರದೆ ಇಳಿದು ತಳ್ಳಿಕೊಂಡು ಬರುವ ಬಾಲಿಕೆಯು ತನ್ನಲ್ಲಿ ಶಕ್ತಿ ಸಾಲದೆಂದು ತಿಳಿದುಕೊಳ್ಳುವಳು. ಹೆತ್ತವರೂ ಹಾಗೆಯೇ ಭಾವಿಸಿ ಬೈಸಿಕಲ್ಲನ್ನು ಮೂಲೆಗೆ ನಿಲ್ಲಿಸಿಬಿಡುವದುಂಟು. ಆದರೆ ಅನೇಕ ವೇಳೆ ಕೊರತೆಯಿರುವದು ಗೇರಿನಲ್ಲಿ. ಈ ಸಂಗತಿಯನ್ನು ಹೆತ್ತವರೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅರಿತಿರುವದು ಒಳ್ಳೆಯದು.

ಪೆಡಲಿಗೆ ಸೇರಿದ ಮುಂದಿನ ಹಲ್ಲುಚಕ್ರದಲ್ಲಿ ೪೪ ಹಲ್ಲುಗಳೂ, ಹಿಂದಿನ ಫ್ರೀವೀಲಿನಲ್ಲಿ ೧೮ ಹಲ್ಲುಗಳೂ ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿಯು ಸುಮಾರು ಎರಡೂವರೆ ಸುತ್ತು ತಿರುಗುವದು. ೨೮ ಅಂಗುಲದ ಗಾಲಿಯ ಸುತ್ತಳತೆಯು ಸುಮಾರು ೨.೨ ಮೀಟರು, ಆದುದರಿಂದ ಬೈಸಿಕಲ್ಲು ೫.೪ ಮೀಟರು ಮುಂದೆ ಹೋಗುವದು. ೨೨ ಹಲ್ಲಿನ ಫ್ರೀವೀಲನ್ನು ಹಾಕಿಸಿದರೆ ೪.೪ ಮೀಟರು ಮಾತ್ರವೇ ಹೋಗುವದು; ಆದರೆ ಅದೇ ಏರಿನಲ್ಲಿ ಪೆಡಲನ್ನು ಒತ್ತಬೇಕಾದ ಬಲವು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುವದು. ಒಟ್ಟು ಕೆಲಸವೇನೋ ಅಷ್ಟೇ. ದೊಡ್ಡ ಕೊಡವನ್ನು ಹೊರಲಾರದವಳು ಸಣ್ಣ ಬಿಂದಿಗೆಯಲ್ಲಿ ಹೆಚ್ಚು ಸಲ ನೀರು ತಂದು ಹಂಡೆಯನ್ನು ತುಂಬಿಸುವದಿಲ್ಲವೇ? ಇದೂ ಹಾಗೆಯೇ.

ಇನ್ನು ತುಳಿಯುವ ವೇಗದ ಮಾತು. ಬಲಗಾಲು ಎಷ್ಟು ಸಲ ಕೆಳಕ್ಕೆ ಹೋಯಿತೆಂದು ೧೫ ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಸುತ್ತೆಂಬುದು ತಿಳಿಯುವದು. ಸಾಧಾರಣ ಸವಾರರಿಗೆ ೬೦ರಿಂದ ೮೦ ಸುತ್ತು ಹಿತವಾದದ್ದು. ಪಂದ್ಯದವರು ೯೦ರ ಸಮೀಪ ತುಳಿಯುವರು. ೨೨ ಹಲ್ಲಿನ ಫ್ರೀವೀಲಿನಲ್ಲಿ ೬೦ ಸುತ್ತು ತುಳಿದರೂ ಸಮದಾರಿಯಲ್ಲಿ ಗಂಟೆಗೆ ೧೬ ಕಿಲೋಮೀಟರು ಸಾಗಬಹುದು. ಶಾಲೆಗೆ ಬಂದು ಹೋಗುವದಕ್ಕೆ ಇದು ಧಾರಾಳವಾಯಿತು.

ಪರೀಕ್ಷಿಸುವ ಕ್ರಮವು ಸುಲಭ. ಉಸಿರಿಗಿಂತ ಮೊದಲು ತೊಡೆ ಸೋತರೆ, ಇಲ್ಲವೆ ಮಂಡಿ ನೊಂದರೆ, ಗೇರು ಭಾರವಾಯಿತೆಂದು ತಿಳಿಯತಕ್ಕದ್ದು. ಕಾಲು ಬರಿದೆ ತಿರುಗಿ ಮೈ ಸೀಟಿನ ಮೇಲೆ ಕುಪ್ಪಳಿಸಿದರೆ ಅದು ತೀರ ಹಗುರವಾಯಿತು. ಸೀಟು ತಗ್ಗಾಗಿದ್ದರೂ ಮಂಡಿ ನೋಯುವದುಂಟು. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರವಿರಲಿ. ಹಲವು ಗೇರುಗಳ ಬೈಸಿಕಲ್ಲಾದರೆ, ಏರು ಬರುವದಕ್ಕೆ ಮುಂಚೆಯೇ, ಪೆಡಲನ್ನು ಮೆಲ್ಲಗೆ ತಿರುಗಿಸುತ್ತ ಹಗುರ ಗೇರಿಗೆ ಬರತಕ್ಕದ್ದು.

ಹಗುರ ಗೇರು ದುರ್ಬಲರಿಗೆ ಮಾತ್ರವೆಂಬ ಅಭಿಪ್ರಾಯವು ಹಳೆಯದು. ಫ್ರಾನ್ಸ್ ದೇಶವನ್ನು ಸುತ್ತುವ, ೧೯೦೩ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ, ಸವಾರಿಯ ನಡುವೆ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಡಿರೇಲರ್ ಎಂಬ ಸಾಧನಕ್ಕೆ ಪಂದ್ಯದ ವೀರರಿಗೆ ಅನುಮತಿ ದೊರೆತದ್ದು ೧೯೩೭ರಲ್ಲಿ. ಇಂದು ಅಲ್ಲಿ ಡಿರೇಲರ್ ಇಲ್ಲದೆ ಯಾರೂ ಬೆಟ್ಟವನ್ನು ಹತ್ತರು.

ಆದುದರಿಂದ ಮಗಳಿಗೆ ಬೈಸಿಕಲ್ಲು ಕೊಳ್ಳುವಾಗ ಬಣ್ಣವನ್ನು ನೋಡಿದ ಮೇಲೆ ಹಲ್ಲುಗಳನ್ನೂ ಎಣಿಸಿರಿ. ಅವಳು ದಿನವೂ ಹೋಗುವ ಏರಿನಲ್ಲಿ ತುಳಿಸಿ ನೋಡಿರಿ. ಆಕೆ ಇನ್ನೂ ಕಷ್ಟಪಟ್ಟರೆ, ಅವಳ ಕಾಲುಗಳನ್ನು ಹಳಿಯುವ ಮುಂಚೆ ಫ್ರೀವೀಲನ್ನು ಬದಲಿಸಿರಿ.