ಹವ್ಯಾಸಿಗಳ ರೋಬಾಟ್: ಬುದ್ಧಿ ಸ್ವಂತದ್ದೋ, ಬಾಡಿಗೆಯದೋ?

ಮನೆಯಲ್ಲಿಯೇ ಮೋಟಾರು, ಚಕ್ರ, ಕ್ಯಾಮರಾಗಳನ್ನು ಜೋಡಿಸಿ ರೋಬಾಟ್ ನಿರ್ಮಿಸುವ ಹವ್ಯಾಸಿಗಳು ಕೃತಕ ಬುದ್ಧಿಮತ್ತೆಯಿಂದ ಬಯಸುವ ಸಾಮರ್ಥ್ಯಗಳು ಕೆಲವೇ. ಯಂತ್ರವು ಮೇಜಿನ ಕಾಲಿಗೆ ತಾಗದೆ ಕೋಣೆಯಿಂದ ಕೋಣೆಗೆ ಸಾಗಬೇಕು. ಹೇಳಿದ ಮಾತನ್ನು ಗ್ರಹಿಸಬೇಕು. ಬ್ಯಾಟರಿ ಕುಗ್ಗಿದಾಗ ತಾನೇ ಚಾರ್ಜರ್ ಬಳಿಗೆ ಮರಳಬೇಕು.

ಇದಕ್ಕೆ ಅಗತ್ಯವಾದ ಯಂತ್ರಾಂಶವು ಈಗ ಸಾಮಾನ್ಯರ ಕೈಗೆಟಕುತ್ತದೆ. 2005ರಲ್ಲಿ ಇಟಲಿಯಲ್ಲಿ ರೂಪುಗೊಂಡ ಆರ್ಡುಯಿನೊ ಮೋಟಾರುಗಳ ನಿಯಂತ್ರಣವನ್ನು ಸುಲಭಗೊಳಿಸಿತು. 2012ರಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ 35 ಡಾಲರಿಗೆ ಪುಟ್ಟ ಗಣಕಯಂತ್ರವನ್ನೇ ಒದಗಿಸಿತು. 2019ರಲ್ಲಿ ಎನ್‌ವಿಡಿಯಾ ಸಂಸ್ಥೆಯು 99 ಡಾಲರಿಗೆ ಪ್ರಕಟಿಸಿದ ಜೆಟ್ಸನ್ ನ್ಯಾನೊ, ಕ್ಯಾಮರಾದ ದೃಶ್ಯಗಳನ್ನು ರೋಬಾಟಿನೊಳಗೇ ವಿಶ್ಲೇಷಿಸಬಲ್ಲದಾಗಿತ್ತು.

ಬುದ್ಧಿಯು ರೋಬಾಟಿನೊಳಗೇ ಇರಬೇಕೆಂಬ ಬಯಕೆಗೆ ಬಲವಾದ ಆರ್ಥಿಕ ಕಾರಣವಿದೆ. ದೂರದ ಸರ್ವರ್‌ನಿಂದ ಪಡೆಯುವ ಬುದ್ಧಿಗೆ ಆರಂಭಿಕ ಬಂಡವಾಳ ಕಡಿಮೆ. ಆದರೆ ಬಳಸಿದಷ್ಟೂ ಶುಲ್ಕ ತೆರಬೇಕು, ಮನೆಯೊಳಗಿನ ಮಾತು ಮತ್ತು ಚಿತ್ರಗಳು ಹೊರಗೆ ಹೋಗುತ್ತವೆ. ಸೇವೆ ನಿಂತರಂತೂ ಯಂತ್ರವೇ ನಿಷ್ಪ್ರಯೋಜಕ. 2017ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ 'ಜಿಬೊ' ಎಂಬ ಗೃಹ ರೋಬಾಟ್, ತನ್ನ ಸರ್ವರ್‌ಗಳು ಸ್ಥಗಿತಗೊಳ್ಳಲಿವೆಯೆಂದು 2019ರಲ್ಲಿ ತಾನೇ ಒಡೆಯರಿಗೆ ತಿಳಿಸಿ ವಿದಾಯ ಹೇಳಿತು. ಯಂತ್ರದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಆಸ್ತಿಯ ಮೌಲ್ಯ ಕರಗಿತ್ತು. ಸ್ವತ್ತು ಗ್ರಾಹಕನದು, ಅದರ ಆಯಸ್ಸು ಮಾತ್ರ ಮತ್ತೊಬ್ಬರ ಜಮಾಖರ್ಚಿಗೆ ಅಧೀನ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಇಲ್ಲೊಂದು ಸಂದೇಶವಿದೆ. ಕೇವಲ ಬಿಡಿಭಾಗ ಮಾರಿದರೆ ಪೈಪೋಟಿ ಬೆಲೆಯಲ್ಲಿ ಮಾತ್ರ. ಅದರೊಡನೆ ಅಂತರಜಾಲವಿಲ್ಲದೆಯೂ ನಡೆಯುವ ತಂತ್ರಾಂಶ, ಕನ್ನಡದ ಕೈಪಿಡಿ ಹಾಗೂ ದುರಸ್ತಿಯ ನೆರವನ್ನು ಒದಗಿಸುವ ವರ್ತಕನ ಬಳಿಗೆ ಹವ್ಯಾಸಿಯು ಮರಳಿ ಬರುವನು.