ಮರಳಿನ ಮೇಲೊಂದು ತುಂಡು ಹಸಿರು

ಸೌದಿಯ ರಾಸ್ ತನೂರಾದ ರಿಫೈನರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಾಗಲೆಲ್ಲ ನಾನು ಮೊಬೈಲಿನಲ್ಲಿ ಮೊದಲು ನೋಡುವುದು ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಸ್ಕೋರು. ನಮ್ಮ ಬೆಂಗಳೂರಿನ ಹುಡುಗಿ.

ನನಗೆ ಗಾಲ್ಫ್ ಹಿಡಿಸಿದ್ದು ಇಲ್ಲಿನ ಮರಳು. ಈ ಕಡೆಯ ಎಣ್ಣೆ ಊರುಗಳಲ್ಲಿ ಹಿಂದೆ ಮರಳಿನ ಮೇಲೇ ಆಡುತ್ತಿದ್ದರು. ಅಂಗೈಯಗಲದ ಕೃತಕ ಹುಲ್ಲಿನ ತುಂಡನ್ನು ಜೊತೆಗೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯಬೇಕಿತ್ತು. ಕುಳಿಯ ಸುತ್ತ ಎಣ್ಣೆ ಸುರಿದು ಗಟ್ಟಿಮಾಡಿದ ಕಂದು ಮರಳು. ಅದಕ್ಕೆ ‘ಬ್ರೌನ್’ ಅಂತಲೇ ಹೆಸರು.

ಆದರೆ ಈ ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳುವುದು ಬೇರೆಯೇ ಮಾತು. ನನಗೆ ತಿಂಗಳಾದರೆ ಸಂಬಳ ಬರುತ್ತದೆ. ವೃತ್ತಿಪರ ಗಾಲ್ಫರ್‌ಗೆ ಅದಿಲ್ಲ. ಸಾಮಾನ್ಯವಾಗಿ ಮೊದಲೆರಡು ದಿನದ 36 ಕುಳಿ ಮುಗಿದ ಮೇಲೆ ‘ಕಟ್’. ಅದರೊಳಗೆ ಬಾರದವರಿಗೆ ಹೆಚ್ಚಾಗಿ ಬಹುಮಾನದ ಹಣವಿಲ್ಲ. ವಿಮಾನ, ಹೋಟೆಲು, ಚೀಲ ಹೊರುವ ಕ್ಯಾಡಿಯ ಕೂಲಿ ಮಾತ್ರ ತಪ್ಪದು.

ಅದಿತಿ 2016ರಲ್ಲಿ ವೃತ್ತಿಗಿಳಿದು, ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿಯೇ ಕ್ಯಾಡಿ. ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಆ ಬೆಳಿಗ್ಗೆ ನನಗೆ ತಿಂಡಿ ಸೇರಲಿಲ್ಲ. 2023ರ ಫೆಬ್ರವರಿಯಲ್ಲಿ ಇದೇ ಸೌದಿಯ ಕೆಂಪು ಸಮುದ್ರದ ದಂಡೆಯಲ್ಲಿ, ಎಣ್ಣೆ ಕಂಪನಿ ಅರಾಮ್ಕೊ ಹೆಸರಿನ ಟೂರ್ನಿಯಲ್ಲಿ, ಗೆದ್ದ ಲಿಡಿಯಾ ಕೋಗಿಂತ ಮತ್ತೆ ಒಂದೇ ಹೊಡೆತ ಹಿಂದೆ, ಎರಡನೆಯವರಾದರು.

ಅದಿತಿಗೂ ಹಿಂದೆ ಚಿನ್ನಸ್ವಾಮಿ ಮುನಿಯಪ್ಪ ಇದ್ದರು. ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊರುತ್ತ ಆಟ ಕಲಿತವರು, 2009ರಲ್ಲಿ ಪುರುಷರ ಇಂಡಿಯನ್ ಓಪನ್ ಗೆದ್ದರು. ಅದಿತಿಯ ಸ್ಕೋರು ನೋಡುವಾಗಲೆಲ್ಲ ನನಗೆ ಅವರ ಹೆಗಲೂ ಕಣ್ಣಿಗೆ ಕಟ್ಟುತ್ತದೆ.